ಇಕತ್ ಚೀಲ: ನೇಯ್ದದ್ದೋ, ಅಚ್ಚು ಹಾಕಿದ್ದೋ?

ಮಾನ್ಯ ಸಂಪಾದಕರೇ,

ಪ್ಲಾಸ್ಟಿಕ್‌ಗೆ ಕಡಿವಾಣ ಬಿದ್ದ ಮೇಲೆ ಬಟ್ಟೆ ಚೀಲಗಳು ಮತ್ತೆ ಹೆಗಲೇರಿವೆ. ಸಂತೋಷ. ಆದರೆ ‘ಕೈಮಗ್ಗದ ಇಕತ್’ ಎಂದು ಮಾರುವ ಚೀಲಗಳಲ್ಲಿ ಮಗ್ಗವನ್ನೇ ಕಾಣದವೂ ಇವೆ; ಗಿರಣಿ ಬಟ್ಟೆಗೆ ಅಚ್ಚು ಹಾಕಿದರೆ ಮುಗಿಯಿತು.

ಅಸಲಿ ಇಕತ್‌ನಲ್ಲಿ ಬಣ್ಣ ಬೀಳುವುದು ಬಟ್ಟೆಗಲ್ಲ, ನೇಯ್ಗೆಗೆ ಮೊದಲೇ ನೂಲಿಗೆ. ವಿನ್ಯಾಸದ ಲೆಕ್ಕ ಹಿಡಿದು ನೂಲನ್ನು ಅಲ್ಲಲ್ಲಿ ಬಿಗಿದು ಕಟ್ಟಿ, ಬಣ್ಣದಲ್ಲಿ ಅದ್ದಿ, ಬಿಚ್ಚಿ, ಇನ್ನೊಂದು ಬಣ್ಣಕ್ಕೆ ಮತ್ತೆ ಕಟ್ಟುತ್ತಾರೆ. ಹಾಸು, ಹೊಕ್ಕು ಎರಡನ್ನೂ ಹೀಗೆ ಕಟ್ಟಿದರಂತೂ ಎಳೆಗಳು ಕೊಂಚ ಸರಿದರೂ ಚಿತ್ರ ಕೆಡುತ್ತದೆ. ಕೊಳ್ಳುವ ಮುನ್ನ ಚೀಲವನ್ನು ಒಳಮಗ್ಗುಲಾಗಿ ತಿರುವಿ ನೋಡಿ. ನೇಯ್ದದ್ದಾದರೆ ಎರಡೂ ಕಡೆ ಬಣ್ಣ ಒಂದೇ ಗಾಢ, ವಿನ್ಯಾಸದ ಅಂಚು ತುಸು ಕದಡಿದಂತೆ. ಅಚ್ಚಿನದು ಸಾಮಾನ್ಯವಾಗಿ ಒಳಗೆ ಪೇಲವ. (ಲೈನಿಂಗ್ ಕೊಟ್ಟು ಹೊಲಿದಿದ್ದರೆ ಆ ಪರೀಕ್ಷೆಗೂ ದಾರಿಯಿಲ್ಲ!)

ತೆಲಂಗಾಣದ ಪೋಚಂಪಲ್ಲಿ ಇಕತ್‌ಗೆ ಭೌಗೋಳಿಕ ಸೂಚಿಕೆಯ (ಜಿಐ ಟ್ಯಾಗ್), ಅಂದರೆ ಆ ಪ್ರದೇಶದ್ದೇ ವಿಶಿಷ್ಟ ಉತ್ಪನ್ನವೆಂಬ ಮಾನ್ಯತೆ ಇದೆ. ಕೈಮಗ್ಗದಲ್ಲೇ ನೇಯ್ದದ್ದೆಂದು ಖಾತರಿ ಕೊಡುವ ‘ಹ್ಯಾಂಡ್‌ಲೂಮ್ ಮಾರ್ಕ್’ ಮುದ್ರೆ 2006ರಿಂದಲೇ ಜಾರಿಯಲ್ಲಿದೆ. ಸರ್ಕಾರಿ ಸಮ್ಮೇಳನಗಳಲ್ಲಿ ಹಂಚುವ ಚೀಲಗಳನ್ನಾದರೂ ಈ ಮುದ್ರೆ ನೋಡಿಯೇ ಖರೀದಿಸಲಿ. ಅಚ್ಚಿನ ಚೀಲ ಮಾರುವವರು ಮಾರಲಿ, ಬೇಡವೆನ್ನುವುದಿಲ್ಲ. ಬೆಲೆಚೀಟಿಯ ಮೇಲೆ ‘ಇಕತ್ ಪ್ರಿಂಟ್’ ಎಂದು ಕಾಣುವಂತೆ ಬರೆಯಲಿ.

– ಓರ್ವ ಓದುಗ