ಗೇಟಿನಲ್ಲಿ ನಿಂತ ಹವಾಲ್ದಾರ್

ಮಾನ್ಯ ಸಂಪಾದಕರೇ,

ಜನವರಿ 15 ಸೇನಾ ದಿನ ಎಂಬುದು ಬಹಳ ಜನಕ್ಕೆ ಗೊತ್ತು. ಹಿಂದಿನ ದಿನ, 14ರಂದು, ಮಾಜಿ ಯೋಧರ ದಿನವಿದೆ ಎಂದು ನನಗೇ ತಿಳಿದದ್ದು ಇತ್ತೀಚೆಗೆ. 1949ರ ಜನವರಿ 15ರಂದು ಬ್ರಿಟಿಷ್ ಜನರಲ್‌ನಿಂದ ಸೇನೆಯ ಹೊಣೆ ವಹಿಸಿಕೊಂಡ ಕೆ.ಎಂ. ಕಾರ್ಯಪ್ಪನವರು ನಿವೃತ್ತರಾದದ್ದು 1953ರ ಜನವರಿ 14ರಂದು. ಎರಡೂ ದಿನ ಕೊಡಗಿನ ಒಬ್ಬ ಮಗನಿಂದಲೇ ಬಂದವು. ಸಂಕ್ರಾಂತಿಯ ಗಡಿಬಿಡಿಯಲ್ಲಿ 14ರದ್ದು ಮುಚ್ಚಿಹೋಗುತ್ತದೆ.

ಮಾಜಿ ಸೈನಿಕ ಎಂದಾಕ್ಷಣ ನಮ್ಮ ಕಣ್ಣಿಗೆ ಕಟ್ಟುವುದು ಬಿಳಿ ಮೀಸೆಯ, ಎದೆ ತುಂಬ ಪದಕಗಳ ಅಜ್ಜ. ಆದರೆ ಹದಿನೆಂಟಕ್ಕೋ ಇಪ್ಪತ್ತಕ್ಕೋ ಭರ್ತಿಯಾದ ಜವಾನ ಊರಿಗೆ ಮರಳುವುದು ನಲವತ್ತರ ಆಸುಪಾಸಿನಲ್ಲಿ. ಪಿಂಚಣಿಗೆ 15 ವರ್ಷದ ಸೇವೆ ಸಾಕು. ಮಕ್ಕಳ ಓದಿಗೆ, ಮನೆ ಸಾಲಕ್ಕೆ ಆ ಪಿಂಚಣಿ ಸಾಲದು. ಈಗೀಗ ಊರವರು ತೆರೆದ ಜೀಪಿನಲ್ಲಿ ಮೆರವಣಿಗೆ ಮಾಡಿ ಬರಮಾಡಿಕೊಳ್ಳುತ್ತಾರೆ, ಸಂತೋಷವೇ. ತಿಂಗಳು ಕಳೆಯುವಷ್ಟರಲ್ಲಿ ಆತ ಕೆಲಸ ಕೇಳಿಕೊಂಡು ಅಲೆಯುತ್ತಿರುತ್ತಾನೆ.

ನಾನು ಕೆಲಸ ಮಾಡುವ ಕಟ್ಟಡದ ಗೇಟಿನಲ್ಲಿ ಅಂಥವರೊಬ್ಬರಿದ್ದಾರೆ. ಎರಡು ವರ್ಷ ಅವರನ್ನು ‘ಸೆಕ್ಯುರಿಟಿ’ ಎಂದೇ ಕೂಗಿದೆ, ನಾಚಿಕೆಯಿಂದಲೇ ಬರೆಯುತ್ತಿದ್ದೇನೆ. ಒಮ್ಮೆ ಮಳೆಗೆ ಅವರ ಪುಟ್ಟ ಕೋಣೆಯೊಳಗೆ ನಿಲ್ಲಬೇಕಾಯಿತು. ಮೂಲೆಯಲ್ಲಿ ಕಪ್ಪು ಟ್ರಂಕು, ಮೇಲೆ ಬಿಳಿ ಬಣ್ಣದಲ್ಲಿ ನಂಬರು, ಹುದ್ದೆ, ಹೆಸರು. ಹವಾಲ್ದಾರ್, ಸಿಗ್ನಲ್ಸ್, ಅಂದರೆ ಸೇನೆಯ ಸಂಪರ್ಕ ವಿಭಾಗ. ಸಿಯಾಚಿನ್‌ನಲ್ಲೂ ಇದ್ದರಂತೆ. ಯುದ್ಧದ ಕಥೆ ಬರುತ್ತದೆಂದು ಕಾದೆ. ಅವರು ಹೇಳಿದ್ದು ಬುಖಾರಿಯ ಬಗ್ಗೆ, ಅಂದರೆ ಚಳಿ ಕಾಯಿಸುವ ಸೀಮೆಎಣ್ಣೆ ಒಲೆಯ ಬಗ್ಗೆ. ಅದರ ಹೊಗೆ ಕುಡಿದೂ ಕುಡಿದೂ, ಕೆಳಗಿಳಿದು ಬಂದಮೇಲೂ ಎಷ್ಟೋ ದಿನ ಉಗುಳಿದರೆ ಕಪ್ಪೇ ಬರುತ್ತಿತ್ತಂತೆ.

ಅದೇ ತಿಂಗಳು ನಮ್ಮ ಕಟ್ಟಡದ ಇಂಟರ್‌ಕಾಮ್ ಕೆಟ್ಟಿತು. ಮೂರು ದಿನ ಮೆಕ್ಯಾನಿಕ್‌ಗೆ ಫೋನು ಮಾಡಿದ್ದೇ ಮಾಡಿದ್ದು. ಹಿಮದಲ್ಲಿ ಲೈನು ಎಳೆದ ಮನುಷ್ಯ ಪಕ್ಕದಲ್ಲೇ ಕುಳಿತು ಕಾರುಗಳ ನಂಬರು ಬರೆಯುತ್ತಿದ್ದರು. ನಾಲ್ಕನೆಯ ದಿನ ಅವರೇ ಬಂದು, “ಒಂದು ಸ್ಕ್ರೂಡ್ರೈವರ್ ಸಿಗಬಹುದಾ ಸರ್?” ಎಂದರು. ಅರ್ಧ ಗಂಟೆಯ ಕೆಲಸವಾಗಿತ್ತು.

ಸೇನೆಯಲ್ಲಿ ಭಾರಿ ವಾಹನ ರಿಪೇರಿ ಮಾಡಿದವರು, ಗಾಯಾಳುಗಳ ಶುಶ್ರೂಷೆ ಮಾಡಿದವರು, ನೂರಾರು ಜನರ ಸಾಮಾನು-ಸರಂಜಾಮಿನ ಲೆಕ್ಕ ಇಟ್ಟವರು ಇದ್ದಾರೆ. ನಮ್ಮ ಲೆಕ್ಕದಲ್ಲಿ ಎಲ್ಲರೂ ಕಾವಲುಗಾರರೇ. 1949ರಿಂದ ಪ್ರತಿ ಡಿಸೆಂಬರ್ 7ರಂದು ಧ್ವಜ ದಿನದ ಪುಟ್ಟ ಬಾವುಟ ಚುಚ್ಚಿಸಿಕೊಂಡು ಡಬ್ಬಿಗೆ ಚಿಲ್ಲರೆ ಹಾಕುತ್ತ ಬಂದಿದ್ದೇವೆ. ಆ ದುಡ್ಡು ಗಾಯಗೊಂಡ ಯೋಧರಿಗೆ, ಮಾಜಿ ಸೈನಿಕರಿಗೆ, ಅವರ ಕುಟುಂಬಗಳಿಗೆ ಬೇಕಾದದ್ದೇ, ನಿಲ್ಲಿಸಬೇಡಿ. ಆದರೆ 2022ರಲ್ಲಿ ಪ್ರಕಟವಾದ ಯೋಜನೆಯಂತೆ ಅಗ್ನಿವೀರರ ಸೇವೆ ನಾಲ್ಕೇ ವರ್ಷ, ಪಿಂಚಣಿಯೂ ಇಲ್ಲ. ಸೇನೆಯಲ್ಲಿ ಮುಂದುವರಿಯುವವರು ನೂರಕ್ಕೆ ಹೆಚ್ಚೆಂದರೆ 25 ಮಂದಿ. ಉಳಿದವರು ಇಪ್ಪತ್ತೈದರ ಆಸುಪಾಸಿನಲ್ಲೇ ‘ಮಾಜಿ’ಗಳು. ಇವರನ್ನೆಲ್ಲ ಯಾವ ಗೇಟಿನಲ್ಲಿ ನಿಲ್ಲಿಸುತ್ತೇವೆ?

ತಮ್ಮಲ್ಲಿ ಒಂದು ಕೋರಿಕೆ. ಬರುವ ಜನವರಿ 14ರಂದು ಶಾಲು ಹೊದಿಸುವ ಫೋಟೋಗಳ ಜೊತೆಗೆ ಅರ್ಧ ಪುಟವನ್ನಾದರೂ ಈ ಮಾಜಿ ಯೋಧರಿಗೆ ಬಿಟ್ಟುಕೊಡಿ. ಸೇನೆಯಲ್ಲಿ ಏನು ಕಲಿತರು, ಈಗ ಯಾವ ಕೆಲಸ ಹುಡುಕುತ್ತಿದ್ದಾರೆ ಎಂಬುದನ್ನು ಅವರ ಮಾತಿನಲ್ಲೇ ಅಚ್ಚು ಹಾಕಿ. ನಮ್ಮ ಹವಾಲ್ದಾರ್ ಸಾಬ್‌ರಿಂದ ನಾನೇ ಬರೆಸಿ ಕಳುಹಿಸುತ್ತೇನೆ.

— ತಮ್ಮ ಓದುಗ