ಕಣ್ಣಲ್ಲಿ ಕಲಿತ ಇಂಗ್ಲಿಷು

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಏನೋ ಒಂದು ಹೇಳಿ ಜಾರಿಕೊಂಡೆ. "ವ್ಯಾಕರಣ ತಪ್ಪೋದಿಲ್ಲ, ಪದ ಸಿಗದೆ ತಡವರಿಸೋದೂ ಇಲ್ಲ, ಆದರೂ ನನ್ನ ಇಂಗ್ಲಿಷು ಪರೀಕ್ಷೆಯ ಉತ್ತರ ಓದಿದ ಹಾಗೆ ಕೇಳಿಸುತ್ತೆ ದೊಡ್ಡಮ್ಮ" ಅಂದೆಯಲ್ಲ, ಆ ಮಾತು ಎರಡು ದಿನದಿಂದ ತಲೆಯಲ್ಲೇ ಕೂತಿದೆ. ಇದೇ ಕಾಯಿಲೆ ನನಗೂ ಇತ್ತು. ಇಪ್ಪತ್ತು ವರ್ಷ ಹೊರದೇಶದವರ ಜೊತೆ ಇಂಗ್ಲಿಷಿನಲ್ಲೇ ಏಗಿ, ಅಲ್ಲಲ್ಲಿ ಮುಗ್ಗರಿಸಿ, ಅಷ್ಟಿಷ್ಟು ವಾಸಿ ಮಾಡಿಕೊಂಡವಳು ನಾನು. ಫೋನಿನಲ್ಲಿ ಹೇಳಿ ಮುಗಿಯುವ ವಿಷಯ ಅಲ್ಲ ಅಂತ ಬರೆಯಲು ಕೂತೆ.

ಮೊದಲು ಒಂದು ಅಂಜಿಕೆ ಬಿಡು. ನಿನ್ನ ಉಚ್ಚಾರದಲ್ಲಿ ಕನ್ನಡದ ಸೊಗಡು ಉಳಿದಿದೆ ಅನ್ನುವುದು ದೋಷವೇ ಅಲ್ಲ. ಜೋಸೆಫ್ ಕಾನ್ರಾಡ್ 1857ರಲ್ಲಿ ಪೋಲಿಷ್ ಮನೆಯಲ್ಲಿ ಹುಟ್ಟಿದವನು, ಇಂಗ್ಲಿಷ್ ಕಲಿತದ್ದು ಇಪ್ಪತ್ತು ದಾಟಿದ ಮೇಲೆ. ಇಂಗ್ಲಿಷಿನ ದೊಡ್ಡ ಕಾದಂಬರಿಕಾರ ಅನ್ನಿಸಿಕೊಂಡ ಮೇಲೂ ಬಾಯಿ ತೆರೆದರೆ ಪೋಲಿಷ್ ಧಾಟಿಯೇ, ಕೊನೆಯವರೆಗೂ. ಮನ್ರೋ ಮತ್ತು ಡರ್ವಿಂಗ್ ಎಂಬ ಕೆನಡಾದ ಇಬ್ಬರು ಸಂಶೋಧಕರು 1995ರಲ್ಲಿ ಇದನ್ನೇ ಪರೀಕ್ಷೆ ಮಾಡಿ ತೋರಿಸಿದರು: ಪರಭಾಷೆಯ ಧಾಟಿ ಎಷ್ಟೇ ದಟ್ಟವಾಗಿದ್ದರೂ ಮಾತು ಪೂರ್ತಿ ಅರ್ಥವಾಗಬಹುದು, ಅವೆರಡೂ ಬೇರೆ ಬೇರೆ. ಆದ್ದರಿಂದ ಯಾರದೋ ಮೂಗಿನಲ್ಲಿ ಮಾತಾಡಲು ಹೋಗಬೇಡ. ಅದು ನಾಟಕದ ವೇಷದ ಹಾಗೆ, ಸಿಟ್ಟು ಬಂದ ಕೂಡಲೇ ಕಳಚಿ ಬೀಳುತ್ತದೆ.

ಹಾಗಾದರೆ ಆ ಬಿಗಿ ಎಲ್ಲಿಂದ ಬಂತು? ನಾವು ಇಂಗ್ಲಿಷನ್ನು ಕಣ್ಣಿನಿಂದ ಕಲಿತವರು ಪುಟ್ಟಿ, ಅಲ್ಲಿಂದ ಬಂತು. ಕನ್ನಡದಲ್ಲಿ ಕಣ್ಣನ್ನು ನಂಬಬಹುದು, ಬರೆದದ್ದನ್ನೇ ಓದುತ್ತೇವೆ, ಪ್ರತಿ ಅಕ್ಷರಕ್ಕೂ ಅದರ ಪಾಲು ಕೊಡುತ್ತೇವೆ. ಅದೇ ನಿಯತ್ತನ್ನು ಇಂಗ್ಲಿಷಿಗೂ ತೋರಿಸುತ್ತೇವೆ. ಆದರೆ ಇಂಗ್ಲಿಷಿಗೆ ಬೇಕಾಗಿರುವುದು ಪಕ್ಷಪಾತ! ಒಂದು ಪದದಲ್ಲಿ ಒಂದು ಅಕ್ಷರವನ್ನು ಎತ್ತಿ ಕೂರಿಸಿ ಉಳಿದವನ್ನು ಕಾಲಡಿ ತಳ್ಳುವ ಭಾಷೆ ಅದು. ನಮ್ಮ ಛಂದಸ್ಸಿನಲ್ಲಿ ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಇಂಗ್ಲಿಷಿನಲ್ಲಿ ಲಘುವಿಗಿಂತಲೂ ಲಘುವಾದ ಒಂದು ಸ್ವರ ಉಂಟು, ಬಾಯಿ ಅರೆಬರೆ ತೆರೆದು ‘ಅ’ ಅಂದೂ ಅನ್ನದ ಹಾಗೆ ಹೊರಡುವ ಸದ್ದು. ಷ್ವಾ ಅನ್ನುತ್ತಾರೆ. ಆ ಭಾಷೆಯಲ್ಲಿ ಅತಿ ಹೆಚ್ಚು ಕೇಳಿಬರುವ ಸ್ವರ ಅದೇ, ಆದರೆ ಅದಕ್ಕೊಂದು ಸ್ವಂತ ಅಕ್ಷರವೇ ಇಲ್ಲ. ಕಣ್ಣಿಗೆ ಅದು ಕಾಣಿಸುವುದಾದರೂ ಹೇಗೆ?

‘ಫೋಟೋಗ್ರಾಫ್’ ತಗೋ. ಅಲ್ಲಿ ಭಾರ ಮೊದಲ ‘ಫೋ’ ಮೇಲೆ. ತೆಗೆಯುವವನನ್ನು ಹೇಳುವಾಗ ಭಾರ ಎರಡನೆಯದಕ್ಕೆ ಜಾರಿ, ಮೊದಲಿನ ‘ಫೋ’ ಸೊರಗಿ, ‘ಫಟಾಗ್ರಫರ್’ ಆಗುತ್ತದೆ. ‘ಫೋಟೋಗ್ರಾಫಿಕ್’ ಅಂದರೆ ಭಾರ ಮತ್ತೂ ಮುಂದಕ್ಕೆ, ‘ಗ್ರಾ’ ಮೇಲೆ. ನಾವು ಮೂರನ್ನೂ ಒಂದೇ ಸಮ ಹೇಳುತ್ತೇವೆ. ‘ರೆಕಾರ್ಡ್’ ನಾಮಪದವಾದರೆ ಭಾರ ಮೊದಲಲ್ಲಿ, ಕ್ರಿಯಾಪದವಾದರೆ ಕೊನೆಯಲ್ಲಿ. ‘ಕಂಫರ್ಟಬಲ್’ ಇಂಗ್ಲಿಷೇ ಮನೆಮಾತಾದವರ ಬಾಯಲ್ಲಿ ‘ಕಂಫ್ಟಬಲ್’. ಕೇಳುವವರು ಪದವನ್ನು ಗುರುತಿಸುವುದು ಬಹುಮಟ್ಟಿಗೆ ಭಾರ ಎಲ್ಲಿ ಬಿತ್ತು ಅನ್ನುವುದರಿಂದ. ಅದು ತಪ್ಪಿದರೆ ಒಂದೊಂದು ವ್ಯಂಜನವೂ ಶುದ್ಧವಾಗಿದ್ದರೂ "ಸಾರಿ?" ಅನ್ನುತ್ತಾರೆ.

ವಾಕ್ಯದಲ್ಲೂ ಇದೇ ಕಥೆ. ‘ಐ ಕ್ಯಾನ್ ಡೂ ಇಟ್’ ಅನ್ನುವಾಗ ‘ಕ್ಯಾನ್’ ಅನ್ನು ನಾವು ಪೂರ್ತಿ ಬಾಯಿ ತೆರೆದು ಹೇಳುತ್ತೇವೆ. ಅವರು ‘ಐಕನ್ ಡೂಇಟ್’ ಅನ್ನುತ್ತಾರೆ, ಭಾರವೆಲ್ಲ ‘ಡೂ’ ಮೇಲೆ. ‘ಕ್ಯಾನ್’ ಪೂರ್ತಿ ಕೇಳಿಸಿತೋ, ಅಮೆರಿಕದ ಕಿವಿಗೆ ಅದು ‘ಕ್ಯಾಂಟ್’ ಆಗಿಬಿಡುತ್ತದೆ, ಯಾಕೆಂದರೆ ಅವರು ‘ಕ್ಯಾಂಟ್’ನ ಕೊನೆಯ ‘ಟ್’ ಅನ್ನು ಬಹುಮಟ್ಟಿಗೆ ನುಂಗುತ್ತಾರೆ. ನೀನು ಆಗುತ್ತೆ ಅಂದದ್ದು ಅವರಿಗೆ ಆಗಲ್ಲ ಅಂತ ಕೇಳಿಸಿರುತ್ತದೆ.

ಇದೇನು ಸೋಮಾರಿತನ ಅನ್ನಬೇಡ. ನಾವೇನು ಕಡಿಮೆಯೇ? ‘ಮಾಡುತ್ತಾ ಇದ್ದೇನೆ’ ಅಂತ ಬರೆಯುತ್ತೇವೆ, ‘ಮಾಡ್ತಿದೀನಿ’ ಅನ್ನುತ್ತೇವೆ. ಪುಸ್ತಕದಿಂದ ಕನ್ನಡ ಕಲಿತವನೊಬ್ಬ ನಿನ್ನ ಹತ್ತಿರ ಬಂದು "ತಾವು ಎಲ್ಲಿಗೆ ತೆರಳುತ್ತಿದ್ದೀರಿ?" ಅಂದರೆ ತಪ್ಪು ಎಲ್ಲಿದೆ ಹೇಳು? ಎಲ್ಲೂ ಇಲ್ಲ. ಆದರೂ ನಗು ಬರುತ್ತದೆ. ನಮ್ಮ ಇಂಗ್ಲಿಷು ಅವರಿಗೆ ಕೇಳಿಸುವುದು ಬಹಳ ಸಲ ಹೀಗೇ.

ಈ ‘ತೆರಳು’ವಿನ ವಿಷಯಕ್ಕೇ ಬರುತ್ತೇನೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅರಮನೆ, ನ್ಯಾಯಾಲಯಗಳಲ್ಲಿ ಫ್ರೆಂಚ್ ಕೂತಿತು, ಮನೆಮಾತು ಹಳೆಯ ಇಂಗ್ಲಿಷೇ ಉಳಿಯಿತು. ಹಾಗಾಗಿ ಎಷ್ಟೋ ಅರ್ಥಗಳಿಗೆ ಎರಡೆರಡು ಪದ: ‘ಬೈ’ ಇದೆ, ‘ಪರ್ಚೇಸ್’ ಇದೆ, ‘ಲಿವ್’ ಇದೆ, ‘ರಿಸೈಡ್’ ಇದೆ, ‘ಬಿಗಿನ್’ ಇದೆ, ‘ಕಮೆನ್ಸ್’ ಇದೆ. ನಮಗಿದು ಹೊಸತಲ್ಲ. ‘ಕೊಳ್ಳು’ ಮತ್ತು ‘ಖರೀದಿಸು’, ‘ಕಾಯು’ ಮತ್ತು ‘ನಿರೀಕ್ಷಿಸು’ ನಡುವಿನ ದೂರ ಎಷ್ಟು ಅಂತ ನಿನಗೆ ಯಾರೂ ಹೇಳಿಕೊಡಬೇಕಿಲ್ಲ. ಕನ್ನಡದಲ್ಲಿರುವ ಆ ವಿವೇಕವನ್ನು ಇಂಗ್ಲಿಷಿಗೆ ಹೋದ ತಕ್ಷಣ ಮರೆತು, ಉದ್ದದ ಪದವೇ ಒಳ್ಳೆಯ ಪದ ಅಂದುಕೊಳ್ಳುತ್ತೇವೆ. ನೀನು ಕಳಿಸಿದ ಆ ಇಮೇಲಿನಲ್ಲಿ ‘ಐ ವುಡ್ ಲೈಕ್ ಟು ಇನ್ಫಾರ್ಮ್ ಯು ದಟ್’ ಅಂತ ಶುರು ಮಾಡಿದ್ದೆ. ಆ ಏಳು ಪದ ಹೊಡೆದು ಹಾಕಿ ಮತ್ತೆ ಓದಿ ನೋಡು, ಇಮೇಲಿಗೆ ಏನೂ ನಷ್ಟವಿಲ್ಲ.

ಪದಗಳಿಗೆ ಜೊತೆಗಾರರೂ ಇರುತ್ತಾರೆ. ನಾವು ಸುಡುಬಿಸಿಲು, ಜಡಿಮಳೆ, ಕೊರೆಯುವ ಚಳಿ ಅನ್ನುತ್ತೇವೆ, ಜಡಿಬಿಸಿಲು ಅಂತ ಯಾರೂ ಅನ್ನುವುದಿಲ್ಲ. ಅಲ್ಲೂ ಮಳೆಗೆ ‘ಹೆವಿ’, ಗಾಳಿಗೆ ‘ಸ್ಟ್ರಾಂಗ್’, ಚಳಿಗೆ ‘ಬಿಟರ್’. ಕಾರಣ ಕೇಳಿದರೆ ಯಾರ ಹತ್ತಿರವೂ ಇಲ್ಲ. ಇನ್ಮೇಲೆ ಹೊಸ ಪದ ಸಿಕ್ಕರೆ ಅದೊಂದನ್ನೇ ಬರೆದುಕೊಳ್ಳಬೇಡ, ಅದರ ಅಕ್ಕಪಕ್ಕ ಕೂತವರನ್ನೂ ಸೇರಿಸಿ ಬರೆದುಕೋ. ಆದರೆ ‘ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್’ ಥರದ್ದನ್ನು ಪೋಣಿಸಲು ಹೋಗಬೇಡ. ಮಾತಿಗೊಂದು ಗಾದೆ ಹೇಳುವವರನ್ನು ನಾವು ಎಷ್ಟು ಹೊತ್ತು ಸಹಿಸುತ್ತೇವೆ?

ಇನ್ನು ನಾನು ಬಿದ್ದ ಹೊಂಡದ ವಿಷಯ. ಒಮ್ಮೆ ದೂರದ ಕಚೇರಿಯೊಬ್ಬಾಕೆ ಫೋನಿನಲ್ಲಿ, "ಯು ಹ್ಯಾವೆಂಟ್ ಸೆಂಟ್ ದಿ ಫೈಲ್ ಯೆಟ್?" ಅಂತ ಕೇಳಿದಳು. ನಾನು ಕಳಿಸಿರಲಿಲ್ಲ. "ಯೆಸ್" ಅಂದೆ. ನಮ್ಮಲ್ಲಿ "ಇನ್ನೂ ಕಳಿಸಿಲ್ವಾ?" ಅಂದರೆ "ಹೌದು, ಕಳಿಸಿಲ್ಲ" ಅಲ್ಲವೇ? ನಾವು ಒಪ್ಪುವುದು ಕೇಳಿದವರ ಮಾತನ್ನು. ಇಂಗ್ಲಿಷಿನಲ್ಲಿ ‘ಯೆಸ್’, ‘ನೋ’ ಎರಡೂ ನಡೆದ ಸಂಗತಿಗೆ ಅಂಟಿಕೊಂಡಿರುತ್ತವೆ: ಕಳಿಸಿದ್ದರೆ ‘ಯೆಸ್, ಐ ಹ್ಯಾವ್’, ಇಲ್ಲದಿದ್ದರೆ ‘ನೋ, ಐ ಹ್ಯಾವೆಂಟ್’. ಕಳಿಸಾಗಿದೆ ಅಂದುಕೊಂಡು ಅವಳು ಎರಡು ದಿನ ಇನ್‌ಬಾಕ್ಸ್ ಹುಡುಕಿದಳಂತೆ. ನಾನು ಸುಳ್ಳಿ ಅನ್ನಿಸಿಕೊಂಡೆ. ಅಂದಿನಿಂದ ಬರೀ ‘ಯೆಸ್’ ಹೇಳುವುದನ್ನೇ ಬಿಟ್ಟೆ, ಬಾಲವನ್ನೂ ಸೇರಿಸಿಯೇ ಹೇಳುತ್ತೇನೆ. ನೀನೂ ಹಾಗೇ ಮಾಡು.

ಮರ್ಯಾದೆಯ ವಿಷಯ ಇದಕ್ಕಿಂತ ನವಿರು. ಕನ್ನಡದಲ್ಲಿ ಗೌರವ ಕ್ರಿಯಾಪದದ ತುದಿಯಲ್ಲಿ ಇರುತ್ತದೆ. ‘ಕಳಿಸು’ ಅನ್ನುವುದನ್ನು ‘ಕಳಿಸಿ’ ಅಂದರೆ ಆಯಿತು, ‘ದಯವಿಟ್ಟು’ ಕೂಡ ಬೇಡ. ಅದನ್ನೇ ಇಂಗ್ಲಿಷ್ ಮಾಡಿ ‘ಸೆಂಡ್ ಮಿ ದಿ ಫೈಲ್’ ಅಂದರೆ ಆ ‘ಇ’ಕಾರ ದಾರಿಯಲ್ಲೇ ಬಿದ್ದುಹೋಗಿ, ಅಲ್ಲಿ ಮುಟ್ಟುವುದು ಬರೀ ಅಪ್ಪಣೆ. ‘ಪ್ಲೀಸ್’ ಅಂಟಿಸಿದರೂ ವಿನಯದ ಅಪ್ಪಣೆಯೇ. ಅವರಲ್ಲಿ ಗೌರವ ಪ್ರಶ್ನೆಯಲ್ಲಿದೆ, ಭೂತಕಾಲದಲ್ಲಿದೆ: ‘ಕುಡ್ ಯು’, ‘ಐ ವಾಸ್ ವಂಡರಿಂಗ್ ಇಫ್’. ಇವತ್ತು ಕೇಳುವುದನ್ನು ನಿನ್ನೆ ಯೋಚಿಸುತ್ತಿದ್ದೆ ಅನ್ನುವ ಹಾಗೆ ಕೇಳುವುದು. ವಿಚಿತ್ರ ಅನ್ನಿಸಬಹುದು. ಆದರೆ ನಾವು "ಸ್ವಲ್ಪ ಬಾಗಿಲು ಹಾಕ್ತೀರಾ?" ಅನ್ನುವಾಗ ಬಾಗಿಲನ್ನು ಅರ್ಧ ಹಾಕಿ ಅಂತ ಅರ್ಥವೇನು? ನಮ್ಮ ‘ಸ್ವಲ್ಪ’ ಮಾಡುವ ಕೆಲಸವನ್ನು ಅಲ್ಲಿ ‘ಜಸ್ಟ್’, ‘ಮೈಟ್’, ‘ಅ ಬಿಟ್’ ಹಂಚಿಕೊಂಡಿವೆ. ‘ಯು ಆರ್ ರಾಂಗ್’ ಅನ್ನುವ ಕಡೆ ‘ಐ ಆಮ್ ನಾಟ್ ಶೂರ್ ಅಬೌಟ್ ದಟ್’ ಅಂದರೆ ಅದೂ ಅಲ್ಲಗಳೆದ ಹಾಗೇ. ಇಂಥ ಮೆತ್ತನೆಯ ಮಾತನ್ನು ನೀನೂ ಮೆತ್ತಗೆ ತಗೊಂಡು ಕೆಡಬೇಡ.

‘ಡಿಸ್ಕಸ್ ಅಬೌಟ್’, ‘ದೇರ್ ಓನ್ಲಿ’ ಎಲ್ಲ ಬಿಡಬೇಕಾ ಅಂತಲೂ ಕೇಳಿದ್ದೆ. ‘ಅಲ್ಲೇ’ ಅನ್ನುವ ನಮ್ಮ ‘ಏ’ಕಾರವೇ ‘ಓನ್ಲಿ’ಯ ವೇಷ ಹಾಕಿ ಬಂದಿರುವುದು. ನಮ್ಮವರ ನಡುವೆ ಅದು ತಪ್ಪಲ್ಲ. ‘ಪ್ರಿಪೋನ್’ ಆಕ್ಸ್‌ಫರ್ಡ್ ನಿಘಂಟನ್ನೇ ಸೇರಿತು. ಆದರೆ ಎದುರಿಗಿರುವವರಿಗೆ ಕನ್ನಡ ಬಾರದು ಅಂದಾಗ ಅವರು ಆ ‘ಏ’ಕಾರವನ್ನು ಎಲ್ಲಿ ಹುಡುಕಬೇಕು ಹೇಳು? ಅಂಥ ಕಡೆ ಬಿಡು, ಮನೆಗೆ ಬಂದು ಆಡಿಕೋ.

ಬಾಯಿಯ ಕೆಲಸ ಎರಡೇ ಹೇಳುತ್ತೇನೆ. ‘ವೆಸ್ಟ್’ ಅಂದರೆ ದಿಕ್ಕೂ ಆಗುತ್ತದೆ, ಒಳಅಂಗಿಯೂ ಆಗುತ್ತದೆ. ನಮಗೆ ಇರುವುದು ಒಂದೇ ‘ವ’. ದಿಕ್ಕಿಗೆ ತುಟಿ ದುಂಡಗೆ ಮಾಡು, ಅಂಗಿಗೆ ಮೇಲಿನ ಹಲ್ಲನ್ನು ಕೆಳತುಟಿಗೆ ತಾಗಿಸು. ಎರಡನೆಯದು, ‘ಪಿನ್’ನ ‘ಪ’. ಅದು ನಮ್ಮ ಅಲ್ಪಪ್ರಾಣವಲ್ಲ, ಹೆಚ್ಚುಕಡಿಮೆ ‘ಫಲ’ದಲ್ಲಿರುವ ಹಳೆಯ ಮಹಾಪ್ರಾಣ. ಬಾಯಿ ಮುಂದೆ ಒಂದು ತೆಳು ಹಾಳೆ ಹಿಡಿ, ‘ಪಿನ್’ ಅಂದಾಗ ಹಾಳೆ ಹಾರಬೇಕು, ‘ಸ್ಪಿನ್’ ಅಂದಾಗ ಅಲುಗಬಾರದು. ಉಸಿರು ಸೇರದಿದ್ದರೆ ‘ಪ್ಯಾಕ್’ ಅವರಿಗೆ ‘ಬ್ಯಾಕ್’ ಆಗಿ ಕೇಳಿಸುವುದುಂಟು.

ಅಭ್ಯಾಸ ಅಂತ ನಾನು ಮಾಡಿದ್ದು ಒಂದೇ. ಇಬ್ಬರು ಸಹಜವಾಗಿ ಹರಟುವ ಒಂದು ನಿಮಿಷದ ಆಡಿಯೋ ಹುಡುಕು. ವಾರ್ತೆ ಬೇಡ, ಭಾಷಣ ಬೇಡ, ಅವು ಓದಿದ ಇಂಗ್ಲಿಷು. ಕೇಳಿಸಿದ್ದನ್ನು ಕೇಳಿಸಿದ ಹಾಗೆ ಕನ್ನಡ ಲಿಪಿಯಲ್ಲಿ ಬರಿ. ‘ವಾಟ್ ಆರ್ ಯು ಗೋಯಿಂಗ್ ಟು ಡೂ’ ನನ್ನ ನೋಟ್‌ಬುಕ್ಕಿನಲ್ಲಿ ‘ವಾಟರ್ಯ ಗನಡೂ’ ಅಂತ ಇತ್ತು. ಅದನ್ನು ಕಂಡ ದಿನವೇ ನನಗೆ ಬುದ್ಧಿ ಬಂದದ್ದು. ಆಮೇಲೆ ಭಾರ ಬಿದ್ದಲ್ಲಿ ಗೆರೆ ಎಳೆದು, ಅವರ ಬೆನ್ನಿಗೇ ದನಿಗೂಡಿಸಿ ಹೇಳು. ಒಂದೇ ನಿಮಿಷದ ತುಣುಕು, ಒಂದು ವಾರ. ಬೇಸರ ಬರುತ್ತದೆ. ನಾಲ್ಕನೆಯ ದಿನಕ್ಕೆ ಬಾಯಿ ತಾನಾಗಿ ಸಡಿಲವಾಗುತ್ತದೆ, ನನಗಂತೂ ಆಯಿತು.

ವಾರ ಕಳೆದ ಮೇಲೆ ನಿನ್ನ ದನಿಯಲ್ಲೇ ಒಂದು ನಿಮಿಷ ರೆಕಾರ್ಡ್ ಮಾಡಿ ಕಳಿಸು. ಬರೆದಿಟ್ಟುಕೊಂಡು ಓದಬೇಡ, ಓದಿದರೆ ನನಗೆ ಗೊತ್ತಾಗುತ್ತದೆ. ಮತ್ತೆ, ನಾನು ಸಿಟ್ಟಿನಲ್ಲಿ ಈಗಲೂ ‘ಯೆವ್ರಿಥಿಂಗ್’ ಅನ್ನುತ್ತೇನೆ ಅಂತ ನಿಮ್ಮಪ್ಪ ಆಡಿಕೊಳ್ಳುತ್ತಿದ್ದನಂತಲ್ಲ? ಹೌದು, ಅನ್ನುತ್ತೇನೆ ಅಂತ ಹೇಳು ಅವನಿಗೆ.

ಇಂತು ನಿನ್ನ,
ದೊಡ್ಡಮ್ಮ