ಮಸುಕು ಗೆರೆಗೆ ನಿಮ್ಮ ಸಹಾಯವಾಣಿ ಕೊಟ್ಟ ಎರಡು ಉತ್ತರ

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ಮೂರು ಸಲ ಫೋನ್ ಮಾಡಿದೆ, ಎರಡು ಮೇಲ್ ಕಳಿಸಿದೆ. "ನಿಮ್ಮ ದೂರು ದಾಖಲಾಗಿದೆ" ಅನ್ನೋದು ಬಿಟ್ಟು ಬೇರೆ ಉತ್ತರ ಬರಲಿಲ್ಲ. ಅದಕ್ಕೇ ಈ ಪತ್ರ.

ನಿಮ್ಮ ಎಚ್‌ಐವಿ ಪರೀಕ್ಷೆಯ ಕಿಟ್‌ನಲ್ಲಿ ಬರೆದ ಹಾಗೇ ಮಾಡಿದ್ದೆ. ಅರ್ಧ ಗಂಟೆಯಿಂದ ಏನೂ ತಿಂದಿರಲಿಲ್ಲ, ಹಲ್ಲುಜ್ಜಿರಲಿಲ್ಲ. ಮೇಲಿನ ಒಸಡಿಗೆ ಒಂದು ಸಲ, ಕೆಳಗಿನದಕ್ಕೆ ಒಂದು ಸಲ ಕಡ್ಡಿ ಸವರಿ ದ್ರವದಲ್ಲಿ ಇಟ್ಟೆ. 20 ನಿಮಿಷ ಆದಮೇಲೆ, 40 ನಿಮಿಷದ ಒಳಗೆ ನೋಡಬೇಕು ಅಂತಿತ್ತು. 22ನೇ ನಿಮಿಷಕ್ಕೆ ನೋಡಿದೆ. ಕಿಟ್ ಕೆಲಸ ಮಾಡಿದೆ ಅಂತ ತೋರಿಸುವ 'ಸಿ' ಹತ್ತಿರ ಗಾಢವಾದ ಗೆರೆ. ಸೋಂಕಿನ ಸುಳಿವು ಕೊಡುವ 'ಟಿ' ಹತ್ತಿರ ಇನ್ನೊಂದು, ಒಗೆದ ಬಟ್ಟೆಯಲ್ಲಿ ಉಳಿದ ಕಲೆಯ ಹಾಗೆ. ಕಿಟಕಿ ಹತ್ತಿರ ಹಿಡಿದೆ, ಟಾರ್ಚ್ ಹಾಕಿದೆ. ಗೆರೆ ಇತ್ತು.

ಪೆಟ್ಟಿಗೆಯ ಮೇಲಿದ್ದ ಸಹಾಯವಾಣಿಗೆ ಫೋನ್ ಮಾಡಿದೆ. ನಿಮ್ಮ ಸಿಬ್ಬಂದಿ ಮೊದಲು ಕೇಳಿದ್ದು, "ಮದುವೆ ಆಗಿದೆಯಾ?" ಗೆರೆಗೂ ಅದಕ್ಕೂ ಏನು ಸಂಬಂಧ ಅಂದೆ. "ಮತ್ತೆ ಈ ಟೆಸ್ಟ್ ಯಾಕೆ ಮಾಡ್ಕೊಂಡ್ರಿ? ಏನಾದ್ರೂ ಮಾಡ್ಕೊಂಡ್ರಾ?" ಹಿಂದೆ ಯಾರೋ ನಕ್ಕಿದ್ದು ಕೇಳಿಸಿತು. ಮನೆಯವರಿಗೆ ಕೇಳಬಾರದು ಅಂತ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಮಾತಾಡಿದೆ. "ನೀರಿನ ಸದ್ದು ಜಾಸ್ತಿ ಇದೆ, ಜೋರಾಗಿ ಹೇಳಿ" ಅಂದರು. ಗೆರೆ ಮಸುಕಾಗಿದೆ ಅಂತ ಜೋರಾಗಿಯೇ ಹೇಳಿದೆ. "ಮಸುಕಾಗಿದ್ರೆ ಲೆಕ್ಕಕ್ಕಿಲ್ಲ, ನೆಗೆಟಿವ್ ಅಂದ್ಕೊಳ್ಳಿ." ಮಸುಕಾದರೂ ಲೆಕ್ಕ ಅಂತ ನಿಮ್ಮ ಚೀಟಿಯಲ್ಲೇ ಇದೆಯಲ್ಲ ಅಂದೆ. "ಹಾಗಾದ್ರೆ ಪಾಸಿಟಿವ್ ಅಂದ್ಕೊಳ್ಳಿ." ಫೋನ್ ಇಟ್ಟುಬಿಟ್ಟರು.

ಎರಡೂ ತಪ್ಪು. ಎರಡನೇ ಗೆರೆ ಬಂದರೆ ಲ್ಯಾಬ್‌ನಲ್ಲಿ ರಕ್ತ ಪರೀಕ್ಷೆ ಮಾಡಿಸಿ ಖಚಿತ ಮಾಡಿಕೊಳ್ಳಬೇಕು, ಅಲ್ಲಿವರೆಗೆ ಏನನ್ನೂ ತೀರ್ಮಾನಿಸಬಾರದು. ಈ ಒಂದು ಮಾತು ಸಾಕಿತ್ತು. ಲ್ಯಾಬ್ ವರದಿ ನೆಗೆಟಿವ್ ಅಂತ ಬರೋ ತನಕ ಮೂರು ರಾತ್ರಿ ನಾನು ನಿದ್ದೆ ಮಾಡಿಲ್ಲ.

ಕಿಟ್ ತಪ್ಪು ತೋರಿಸಿತು ಅನ್ನೋದು ನನ್ನ ದೂರಲ್ಲ. ಯಾವ ಕಿಟ್ಟೂ ಅಪರೂಪಕ್ಕೆ ತಪ್ಪುತ್ತದೆ. 2012ರಲ್ಲಿ ಅಮೆರಿಕದಲ್ಲಿ ಮನೆ ಬಳಕೆಗೆ ಅನುಮತಿ ಸಿಕ್ಕ ಬಾಯಿದ್ರವದ ಕಿಟ್, ಸೋಂಕಿರುವ ಸುಮಾರು 12 ಜನರಲ್ಲಿ ಒಬ್ಬರಿಗೆ ಸೋಂಕಿಲ್ಲ ಅಂತ ತಪ್ಪಾಗಿ ತೋರಿಸಬಹುದು ಅಂತ ಮೊದಲೇ ಒಪ್ಪಿಕೊಂಡಿತ್ತು. ನಿಮ್ಮ ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ "99% ನಿಖರ" ಅಂತ ಮಾತ್ರ ಇದೆ. ಸೋಂಕು ತಗುಲಿ ಮೂರು ತಿಂಗಳು ಆಗುವ ಮೊದಲು ಪರೀಕ್ಷೆ ಮಾಡಿದರೆ ಗೊತ್ತಾಗದೇ ಇರಬಹುದು ಅನ್ನೋ ಸಾಲು ಚೀಟಿಯ ಕೊನೇ ಮಡಿಕೆಯಲ್ಲಿ, ಸಾಸಿವೆಯಷ್ಟು ಅಕ್ಷರದಲ್ಲಿದೆ. ಈ ಕಿಟ್ ಹುಡುಕೋದು ಪ್ರತಿಕಾಯಗಳನ್ನು, ಅಂದರೆ ಸೋಂಕಿನ ವಿರುದ್ಧ ದೇಹ ತಯಾರಿಸುವ ಅಂಶಗಳನ್ನು. ಅವು ದೇಹದಲ್ಲಿ ತಯಾರಾಗೋಕೆ ವಾರಗಳು ಬೇಕು ಅಂತ ನಿಮಗೆ ನಾನು ಹೇಳಬೇಕಾ? ಎರಡನೇ ವಾರಕ್ಕೇ ಪರೀಕ್ಷೆ ಮಾಡಿ, ಒಂದೇ ಗೆರೆ ನೋಡಿ ನೆಮ್ಮದಿಯಾಗುವವರು ಇರುತ್ತಾರೆ. ಅವರ ಸಂಗಾತಿಗಳ ಗತಿ ಏನು?

ನನಗೆ ಹಣ ವಾಪಸ್ ಬೇಡ. ಮೂರು ತಿಂಗಳ ಮಾತು ಪೆಟ್ಟಿಗೆಯ ಮುಂಭಾಗಕ್ಕೆ ಬರಬೇಕು. ಫೋನ್ ಎತ್ತುವವರಿಗೆ ತರಬೇತಿ ಆಗಬೇಕು. 15 ದಿನ ಕಾಯುತ್ತೇನೆ. ಆಮೇಲೆ ಈ ಪತ್ರ, ಕಡ್ಡಿಯ ಫೋಟೋ, ಲ್ಯಾಬ್ ವರದಿ, ಫೋನ್ ಮಾಡಿದ ದಿನ ಮತ್ತು ಸಮಯ, ಎಲ್ಲವೂ ನಿಮ್ಮ ಕಿಟ್‌ಗೆ ಪರವಾನಗಿ ಕೊಟ್ಟ ಇಲಾಖೆಗೆ ಹೋಗುತ್ತವೆ. ನನ್ನ ಹೆಸರು ಹಾಕಿಯೇ ಕಳಿಸುತ್ತೇನೆ. ಬಚ್ಚಲಲ್ಲಿ ನಿಂತು ಮಾತಾಡಿದ್ದು ಸಾಕು.

ನನಗೆ ಫೋನ್ ಮಾಡಬೇಡಿ. ಉತ್ತರ ಬರವಣಿಗೆಯಲ್ಲೇ ಬರಲಿ.

ಇಂತಿ,
ನಿಮ್ಮ ಕಿಟ್ ಕೊಂಡ ಗ್ರಾಹಕ